ವಸೂಲಿರಾಯರ ಡಿಸ್ನಿ ಯಾತ್ರೆ

ವಸೂಲಿರಾಯರು ಅಂದರೆ ಒಬ್ಬರಲ್ಲ. ಫ್ರೀಮಾಂಟಿನಲ್ಲಿ ಒಬ್ಬರಿದ್ದಾರೆ, ಡಲ್ಲಾಸಿನಲ್ಲಿ ಇಬ್ಬರು, ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಬೀದಿಗೊಬ್ಬರು. ಎಲ್ಲರೂ ಕರ್ನಾಟಕದ ಯಾವುದೋ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ನಲ್ಲಿ ತಯಾರಾದವರು. ಮೆಸ್ಸಿಗೆ ಮುಂಗಡ ಕಟ್ಟಿದ ತಿಂಗಳಲ್ಲಿ ಗೆಳೆಯನ ಅಕ್ಕನ ಮದುವೆ ಬಂದರೆ, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಉಂಡು, ಓಡಿ ಬಂದು ಮೆಸ್ಸಿನಲ್ಲೂ ತಟ್ಟೆ ಹಿಡಿದವರು. "ಕಟ್ಟಿದ್ದೀನಲ್ಲಯ್ಯ" ಎನ್ನುವುದೇ ಅವರ ಸಿದ್ಧಾಂತ, ಧರ್ಮ, ಜೀರ್ಣಶಕ್ತಿ ಎಲ್ಲ.

ಅವರನ್ನು ಜಿಪುಣರೆಂದರೆ ಅನ್ಯಾಯವಾದೀತು. ಜಿಪುಣ ದುಡ್ಡು ಬಿಚ್ಚುವುದೇ ಇಲ್ಲ. ರಾಯರು ಬಿಚ್ಚುತ್ತಾರೆ, ಧಾರಾಳವಾಗಿ, ಮುಂಗಡವಾಗಿ. ಬಿಚ್ಚಿದ ಮೇಲೆ ಅದರ ಬೆನ್ನು ಬೀಳುತ್ತಾರೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಗಾದೆಯಲ್ಲಿ ಅವರಿಗೆ ಅರ್ಧ ಮಾತ್ರ ಒಪ್ಪಿಗೆ. ಪುಕ್ಕಟೆಯದನ್ನು ಬೇಕಾದರೆ ಬಿಟ್ಟುಬಿಡಬಹುದು. ದುಡ್ಡು ಕೊಟ್ಟದ್ದನ್ನು ಮಾತ್ರ ಅಪ್ಪ ತಿನ್ನಲೇಬೇಕು.

ಇಂಥ ರಾಯರಿಗಾಗಿಯೇ ಹುಟ್ಟಿಕೊಂಡಂತಿರುವುದು ಫ್ಲಾರಿಡಾದ ಒರ್ಲಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ನ ಡೈನಿಂಗ್ ಪ್ಲಾನ್. 1971ರಲ್ಲಿ ತೆರೆದ ಆ ಊರಗಲದ ವಿನೋದವನಕ್ಕೆ ಈ ಊಟದ ಪ್ಲಾನ್ ಬಂದದ್ದು 2005ರಲ್ಲಿ. ಕೊರೊನಾ ಕಾಲದಲ್ಲಿ, 2020ರಲ್ಲಿ ನಿಂತುಹೋಯಿತು. ನಡುವಿನ ವರ್ಷಗಳಲ್ಲಿ ಮಕ್ಕಳು ಮಿಕ್ಕಿ, ಮಿಕ್ಕಿ ಎಂದು ಎಷ್ಟು ಅತ್ತರೂ ನಮ್ಮ ಫ್ರೀಮಾಂಟಿನ ರಾಯರು ಕದಲಲಿಲ್ಲ. 2024ರ ಜನವರಿ 9ರಂದು ಪ್ಲಾನ್ ಮರಳಿತು. ಆ ವಾರವೇ ರಾಯರಿಗೆ ಮಕ್ಕಳ ಬಾಲ್ಯ ಕೈಜಾರಿ ಹೋಗುತ್ತಿದೆ ಎನ್ನಿಸಿತು.

ಪ್ಲಾನಿನ ಲೆಕ್ಕ ಹೀಗೆ. ಡಿಸ್ನಿಯದೇ ಹೋಟೆಲಿನಲ್ಲಿ ಉಳಿಯಬೇಕು. ಉಳಿದ ಪ್ರತಿ ರಾತ್ರಿಗೆ ಪ್ರತಿಯೊಬ್ಬರಿಗೂ ಮೂರು ಕ್ರೆಡಿಟ್: ಕೌಂಟರಿನಲ್ಲಿ ಟ್ರೇ ಎತ್ತಿಕೊಳ್ಳುವ ಊಟ ಒಂದು, ಕೂತಲ್ಲಿಗೆ ತಂದು ಬಡಿಸುವ ಊಟ ಒಂದು, ತಿಂಡಿ ಒಂದು. ಜೊತೆಗೆ ತಲೆಗೊಂದು ಪ್ಲಾಸ್ಟಿಕ್ ಮಗ್ಗು. ಆ ವರ್ಷದ ದರ ದೊಡ್ಡವರಿಗೆ ರಾತ್ರಿಗೆ 94.28 ಡಾಲರ್, ಮೂರರಿಂದ ಒಂಬತ್ತು ವರ್ಷದ ಮಕ್ಕಳಿಗೆ 29.69. ಮನೆಮಂದಿಯಲ್ಲಿ ಒಬ್ಬರು ಸೇರಿ ಇನ್ನೊಬ್ಬರು ಬಿಡುವ ಹಾಗಿಲ್ಲ. ಮೂರು ತುಂಬಿದವರೆಲ್ಲ ಸೇರಬೇಕು. ರಾಯರ ತಂದೆ ರಾತ್ರಿಯೂಟ ಬಿಟ್ಟು ಎಷ್ಟೋ ವರ್ಷವಾಗಿತ್ತು. ಒಂದು ಬಾಳೆಹಣ್ಣು, ಅರ್ಧ ಲೋಟ ಹಾಲು. ಆ ಅರ್ಧ ಲೋಟ ಹಾಲಿಗೂ 94.28 ಡಾಲರ್.

ಮಗಳ ವಿಷಯದಲ್ಲಿ ಗಾಯ ಇನ್ನೂ ಆಳ. ಅವಳಿಗೆ ಹತ್ತು ತುಂಬಿ ಎರಡು ವಾರವಾಗಿತ್ತು. ಹತ್ತಾದವರು ದೊಡ್ಡವರು. ಐದು ರಾತ್ರಿಗೆ ವ್ಯತ್ಯಾಸ 322.95 ಡಾಲರ್ ಎಂದು ರಾಯರು ನಿದ್ದೆಗಣ್ಣಿನಲ್ಲೂ ಹೇಳಬಲ್ಲರು. ಹುಟ್ಟುಹಬ್ಬದ ಕೇಕ್ ಕತ್ತರಿಸುವಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು, ರಾಯರೂ ತಟ್ಟಿದ್ದರು. ಆಗ ಅವರಿಗೆ ಪ್ಲಾನಿನ ಈ ಷರತ್ತು ಗೊತ್ತಿರಲಿಲ್ಲ. ದಂಪತಿ, ತಂದೆತಾಯಿ, ದೊಡ್ಡವಳಾಗಿಬಿಟ್ಟ ಮಗಳು, ಆರು ವರ್ಷದ ಮಗ, ಎಲ್ಲ ಸೇರಿ 2,505.45 ಡಾಲರ್ ಮುಂಗಡ ಹೋಯಿತು.

ಕೂತು ಉಣ್ಣುವ ಹೋಟೆಲುಗಳಿಗೆ ಜಾಗ ಕಾದಿರಿಸಲು ಅರವತ್ತು ದಿನ ಮೊದಲು, ಪೂರ್ವ ಅಮೆರಿಕದ ಗಡಿಯಾರದಲ್ಲಿ ಬೆಳಗ್ಗೆ ಆರಕ್ಕೆ ಬಾಗಿಲು ತೆರೆಯುತ್ತದೆ. ಫ್ರೀಮಾಂಟಿನಲ್ಲಿ ಆಗ ಮೂರು ಗಂಟೆ. ವೈಕುಂಠ ಏಕಾದಶಿಗೂ ಏಳದ ರಾಯರು ಎರಡೂಮುಕ್ಕಾಲಿಗೆ ಎದ್ದು, ಮುಖ ತೊಳೆದು, ಎರಡು ಲ್ಯಾಪ್‌ಟಾಪು ಒಂದು ಫೋನು ಮುಂದಿಟ್ಟುಕೊಂಡು ಕೂತರು. ಅಮ್ಮ ಎಚ್ಚರಾಗಿ ಬಂದು ನೋಡಿ, "ಯಾರಿಗೋ ಏನಾಯ್ತೋ?" ಎಂದು ಗಾಬರಿಯಾದರು. "ಏನಿಲ್ಲಮ್ಮ, ಮಿಕ್ಕಿ ಮೌಸ್ ಜೊತೆ ತಿಂಡಿ ಬುಕ್ ಮಾಡ್ತಿದೀನಿ." ಅಮ್ಮ ದೇವರ ಫೋಟೊ ಕಡೆ ನೋಡಿ ಮತ್ತೆ ಮಲಗಿದರು.

ಒರ್ಲಾಂಡೊದಲ್ಲಿ ಇಳಿದು ಹೋಟೆಲ್ ಕೋಣೆ ಸೇರಿದಾಗ ಮೊದಲ ಬಿಕ್ಕಟ್ಟು. ರಾಯರ ಪತ್ನಿ ಸೂಟ್‌ಕೇಸ್ ತೆರೆದರೆ ಕೋಡುಬಳೆ, ಚಪಾತಿ, ಹುಳಿಯವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ. ಡಿಸ್ನಿಯವರು ಪಾರ್ಕಿನೊಳಕ್ಕೆ ಮನೆಯ ತಿನಿಸು ಒಯ್ಯಲು ಬಿಡುತ್ತಾರೆ; ಗಾಜಿನ ಸೀಸೆ, ಮದ್ಯ ಇರಬಾರದು ಅಷ್ಟೆ. ಬಿಡದಿದ್ದವರು ರಾಯರು.

"ಇಲ್ಲಿರೋ ಅಷ್ಟು ದಿನ ಕೋಡುಬಳೆ ಯಾರೂ ಮುಟ್ಟಕೂಡದು. ಒಂದು ಕೋಡುಬಳೆ ಹೊಟ್ಟೆಗೆ ಹೋದರೆ ಒಂದು ಕ್ರೆಡಿಟ್ ದಂಡ."

"ರೀ, ಮಕ್ಕಳಿಗೆ ಕ್ಯೂನಲ್ಲಿ ಹಸಿವಾದರೆ?"

"ಹಸಿವಾಗಲಿ ಕಣೇ. ಹಸಿವಾಗಲಿ ಅಂತ ತಾನೆ ಕರಕೊಂಡು ಬಂದಿರೋದು?"

ಮಾರನೆಯ ಬೆಳಗ್ಗೆ ಕಂಟೆಂಪರರಿ ಹೋಟೆಲಿನ ಶೆಫ್ ಮಿಕ್ಕೀಸ್. ಕಟ್ಟಡದ ಹೊಟ್ಟೆಯೊಳಗೇ ಮಾನೊರೈಲು ಹಾದುಹೋಗುತ್ತದೆ, ಬಾಣಸಿಗರ ಟೋಪಿ ಹಾಕಿಕೊಂಡ ಮಿಕ್ಕಿ, ಮಿನ್ನಿ, ಡೊನಾಲ್ಡ್, ಗೂಫಿ ಮೇಜಿಂದ ಮೇಜಿಗೆ ಬಂದು ಮಕ್ಕಳನ್ನು ತಬ್ಬಿಕೊಳ್ಳುತ್ತಾರೆ. ಬಫೆ. ರಾಯರಿಗೆ ಬಫೆಯೆಂದರೆ ಪಂಚಪ್ರಾಣ, ಯಾಕೆಂದರೆ ಅಲ್ಲಿ ಸಸ್ಯಾಹಾರಿ, ಮಾಂಸಾಹಾರಿ ಎಲ್ಲರಿಗೂ ಒಂದೇ ಬೆಲೆ. ಗೂಫಿ ಬಂದು ಅವರ ಹೆಗಲ ಮೇಲೆ ಕೈಯಿಟ್ಟಾಗ ರಾಯರು ಮೂರನೇ ಸುತ್ತಿನ ದೋಸೆಯಲ್ಲಿದ್ದರು. ದೋಸೆಯೆಂದರೆ ನಮ್ಮದಲ್ಲ, ಮಿಕ್ಕಿಯ ಮುಖದಾಕಾರದ ವಾಫಲ್. "ಒಂದ್ನಿಮಿಷ ಇರಿ" ಎಂದು ಕನ್ನಡದಲ್ಲೇ ಗೂಫಿಗೆ ಹೇಳಿದರು. ಆ ಫೋಟೊದಲ್ಲಿ ಮಕ್ಕಳು ನಗುತ್ತಿದ್ದಾರೆ, ಗೂಫಿ ಕಾಯುತ್ತಿದ್ದಾನೆ, ರಾಯರು ಅಗಿಯುತ್ತಿದ್ದಾರೆ.

ತಟ್ಟೆಗಿಷ್ಟು ಎಂದು ಬೆಲೆ ಬರೆದ ಹೋಟೆಲುಗಳಲ್ಲಿ ಅವರ ಸಂಕಟ ನೋಡಲಾಗದು. ಮೆನುವಿನಲ್ಲಿ ಅತಿ ದುಬಾರಿಯದು ದನದ ಮಾಂಸದ ಸ್ಟೇಕ್. ಪಾಸ್ಟಾದ ಬೆಲೆ ಅದರ ಅರ್ಧ. ಕ್ರೆಡಿಟ್ ಎರಡಕ್ಕೂ ಒಂದೇ. ಏಳು ತಲೆಮಾರಿನ ಸಸ್ಯಾಹಾರಕ್ಕೆ ರಾಯರು ಮನಸ್ಸಿನಲ್ಲೇ ನಿಟ್ಟುಸಿರು ಬಿಟ್ಟದ್ದು ಅದೊಂದೇ ಸಲ. ಪಕ್ಕದ ಮೇಜಿನಲ್ಲಿ ಯಾರೋ ಸ್ಟೇಕನ್ನು ಅರ್ಧಕ್ಕೇ ಬಿಟ್ಟು ಎದ್ದಾಗ, ತಿನ್ನದ ರಾಯರಿಗೇ ಹೊಟ್ಟೆ ಉರಿಯಿತು.

ಊಟದ ಜೊತೆಗೊಂದು ಪಾನೀಯವೂ ಪ್ಲಾನಿನಲ್ಲೇ ಸೇರಿದೆ. ಇಪ್ಪತ್ತೊಂದು ದಾಟಿದವರು ಬಿಯರ್, ವೈನ್, ಕಾಕ್‌ಟೇಲ್ ಏನು ಬೇಕಾದರೂ ಕೇಳಬಹುದು. ಬಡಿಸುವ ಹುಡುಗಿ ಅಮ್ಮನ ಕಡೆ ತಿರುಗಿ ಕುಡಿಯಲು ಏನು ಎಂದಳು.

"ಬಿಸಿನೀರು."

ರಾಯರ ಮುಖ ಬಾಡಿತು. "ಅಮ್ಮಾ, ಮಾವಿನಹಣ್ಣಿನ ಜ್ಯೂಸ್ ಥರದ್ದು ಏನಾದರೂ ತಗೋ."

"ಗಂಟಲು ಕಟ್ಟಿದೆ ಕಣೋ. ಬಿಸಿನೀರೇ ಸಾಕು."

"ಅದಕ್ಕೆ ಬೆಲೆಯೇ ಇಲ್ಲಮ್ಮ!"

"ಹೌದೇ? ಒಳ್ಳೇದೇ ಆಯ್ತಲ್ಲ" ಎಂದರು ಅಮ್ಮ.

ಆ ನಷ್ಟ ತುಂಬಿದ್ದು ಅನಿಮಲ್ ಕಿಂಗ್‌ಡಮ್ ಲಾಡ್ಜಿನ ಬೋಮಾ. ಆಫ್ರಿಕದ ಅಡುಗೆಯ ಬಫೆ. ಅಲ್ಲಿಯ ಜೀಬ್ರಾ ಡೋಮ್ ಎಂಬ ಸಿಹಿ ಬಹಳ ಹೆಸರುವಾಸಿ: ಬಿಳಿ ಚಾಕೊಲೇಟಿನ ಮೇಲೆ ಕಪ್ಪು ಪಟ್ಟೆ, ಒಳಗೆ ಕಾಫಿಯ ಪರಿಮಳದ ಮೆತ್ತನೆ ಮೂಸ್. ಜೀವಮಾನದಲ್ಲಿ ಹೆಂಡದ ಅಂಗಡಿಯ ಬೀದಿಯಲ್ಲೂ ನಡೆಯದ ಅಪ್ಪ ಒಂದಾದ ಮೇಲೊಂದು ನಾಲ್ಕು ತಿಂದು, "ಬಹಳ ಚೆನ್ನಾಗಿದೆ ಕಣಯ್ಯ, ಏನೋ ಒಂಥರಾ ಹಿತ" ಎಂದರು. ಅದಕ್ಕೆ ಮದ್ಯ ಬೆರೆಸುತ್ತಾರೆಂದು ರಾಯರು ಆಮೇಲೆ ಫೋನಿನಲ್ಲಿ ಓದಿದರು. ಅಪ್ಪನಿಗೆ ಹೇಳಲಿಲ್ಲ. ಅಮ್ಮನ ಬಿಸಿನೀರಿನಿಂದಾದ ಖೋತಾಕ್ಕೆ ಇದನ್ನು ಪಾನೀಯದ ಬಾಬ್ತಿನಲ್ಲಿ ಜಮಾ ಮಾಡಿಕೊಂಡರು.

ಅದೇ ಲಾಡ್ಜಿನ ಇನ್ನೊಂದು ಹೋಟೆಲು ಸನಾ. ಕಿಟಕಿಯಾಚೆ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ. ಮೇಜಿನ ಮೇಲೆ ಐದು ಬಗೆಯ ನಾನು, ಕುಲ್ಚಾ, ಪರೋಟ, ಅವಕ್ಕೆ ನಂಜಿಕೊಳ್ಳಲು ಒಂಬತ್ತು ಬಗೆ. ಪರಂಗಿಯವರು ಇದಕ್ಕಾಗಿಯೇ ಹುಡುಕಿಕೊಂಡು ಬರುತ್ತಾರೆ. ಅಮ್ಮ ಒಂಬತ್ತನ್ನೂ ಬೆರಳ ತುದಿಯಲ್ಲಿ ನೆಕ್ಕಿ ನೋಡಿ ತೀರ್ಪು ಕೊಟ್ಟರು: "ಒಂಬತ್ತು ಚಟ್ನಿ ಮಾಡಿದಾರೆ. ಒಂದಕ್ಕಾದರೂ ಇಂಗು ಹಾಕಬಾರದಿತ್ತೇ?"

ಊಟದ ಬಿಲ್ಲು ಪ್ಲಾನಿನಲ್ಲಿದೆ, ಟಿಪ್ಸು ಇಲ್ಲ. ಆರು ಜನ, ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಟ್ಟಿಗೆ ಕೂತರೆ ನೂರಕ್ಕೆ ಹದಿನೆಂಟರಂತೆ ತಾನಾಗಿಯೇ ಸೇರಿಬಿಡುತ್ತದೆ. ರಾಯರ ಸಂಸಾರ ಸರಿಯಾಗಿ ಆರು. "ಮೂರು ಮೂರಾಗಿ ಬೇರೆ ಬೇರೆ ಟೇಬಲಿಗೆ ಕೂತ್ಕೊಳ್ಳೋಣವಾ? ಗೊತ್ತಿಲ್ಲದವರ ಥರ?" ಎಂದು ಒಮ್ಮೆ ಕೇಳಿದರು. ಪತ್ನಿ ನೋಡಿದ ನೋಟಕ್ಕೆ ಆ ಮಾತು ಅಲ್ಲಿಗೇ ನಿಂತಿತು.

ಇನ್ನು ರೈಡುಗಳು. ಮ್ಯಾಜಿಕ್ ಕಿಂಗ್‌ಡಮ್‌ನ ಏಳು ಕುಳ್ಳರ ಗಣಿರೈಲಿಗೆ ಐವತ್ತು ನಿಮಿಷ ಕ್ಯೂ ನಿಂತು, ಇನ್ನೇನು ಹತ್ತು ಮಂದಿ ಮುಂದಿದ್ದಾರೆ ಎನ್ನುವಾಗ ರಾಯರ ಫೋನು ಕಿರುಚಿತು: ಊಟದ ಹೊತ್ತು. ಕಾದಿರಿಸಿದ ಮೇಜಿಗೆ ಹೋಗದಿದ್ದರೆ ತಲೆಗೆ 10 ಡಾಲರ್ ದಂಡ. ಮಗ ಕಂಬ ತಬ್ಬಿಕೊಂಡು ಅತ್ತ. ರಾಯರು ಅವನನ್ನು ಎತ್ತಿಕೊಂಡು ನಡೆದರು. ಸ್ಪೇಸ್ ಮೌಂಟನ್‌ಗೆ ಸರದಿ ಬಂದದ್ದು ಬಫೆಯ ಮರುಗಳಿಗೆಯಲ್ಲಿ. ಕತ್ತಲಲ್ಲಿ ಧಡಧಡನೆ ಉರುಳುವ ಬಂಡಿಯದು. ಹೊಟ್ಟೆಯಲ್ಲಿರುವುದು ವಾಪಸ್ಸು ಬಂದರೆ ಲುಕ್ಸಾನು ಯಾರಿಗೆಂದು ಯೋಚಿಸಿ ರಾಯರು ಬೆಂಚಿನ ಮೇಲೆ ಉಳಿದರು.

ತಿಂಡಿಯ ಕ್ರೆಡಿಟ್ಟುಗಳ ಮೇಲೆ ಅವರದು ಖಜಾನೆಯ ಕಾವಲು. ಮೂವತ್ತು ಇದ್ದವು. ಮಿಕ್ಕಿಯ ಕಿವಿಯುಳ್ಳ ಐಸ್‌ಕ್ರೀಮಿಗೆ ಅನುಮತಿ ಉಂಟು, ಅನಾನಸಿನ ಡೋಲ್ ವಿಪ್‌ಗೆ ಉಂಟು. ನೀರಿನ ಬಾಟಲಿಯೂ ಒಂದು ಕ್ರೆಡಿಟ್ಟಿಗೆ ಸಿಗುತ್ತದೆ. ಅದಕ್ಕೆ ಮಾತ್ರ ಇಲ್ಲ. ಕೌಂಟರಿನಲ್ಲಿ ಕೇಳಿದರೆ ಲೋಟದಲ್ಲಿ ತಣ್ಣೀರು ಹಾಗೆಯೇ ಕೊಡುತ್ತಾರಲ್ಲ! ಫ್ಲಾರಿಡಾದ ಬಿಸಿಲಿನಲ್ಲಿ ಬಾಯಾರಿದ ಮಗಳು ಬಾಟಲಿಗೆ ಕೈಹಾಕಿದಾಗ ರಾಯರು, "ನೀರಿಗೆ ಕ್ರೆಡಿಟ್ ಹಾಕೋದಾ? ನಮ್ಮ ವಂಶದಲ್ಲೇ ಯಾರೂ ಮಾಡಿಲ್ಲ" ಎಂದರು. ವಂಶದಲ್ಲಿ ಯಾರೂ ಡಿಸ್ನಿಗೂ ಬಂದಿರಲಿಲ್ಲ ಎಂದು ಮಗಳು ನೆನಪಿಸಿದಳು.

ಮಗ್ಗಿನದು ಇನ್ನೊಂದು ಕಥೆ. ಪಾರ್ಕಿನಲ್ಲಿ ಅದು ನಡೆಯದು. ಹೋಟೆಲಿನಲ್ಲಿ ಮಾತ್ರ ಎಷ್ಟು ಸಲ ಬೇಕಾದರೂ ಕಾಫಿಯೋ ಕೋಕೋ ತುಂಬಿಸಿಕೊಳ್ಳಬಹುದು. ತಳದಲ್ಲಿರುವ ಚಿಪ್ಪು ಲೆಕ್ಕ ಇಡುತ್ತದೆ. ಹಾಗಾಗಿ ರಾತ್ರಿ ಹನ್ನೊಂದಕ್ಕೆ, ಮನೆಮಂದಿಯೆಲ್ಲ ಕಾಲುನೋವಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿರುವಾಗ, ರಾಯರು ಆರು ಮಗ್ಗುಗಳ ಕಿವಿಗೆ ಬೆರಳು ತೂರಿಸಿ ಯಂತ್ರದ ಕಡೆ ಹೊರಡುತ್ತಿದ್ದರು. ನಿದ್ದೆ ಬಾರದೆ ಹೊರಳಾಡಿದ್ದೂ ಪ್ಲಾನಿನ ಭಾಗವೇ.

ಹೋಟೆಲ್ ಬಿಡುವ ದಿನದ ಮಧ್ಯರಾತ್ರಿಗೆ ಉಳಿದ ಕ್ರೆಡಿಟ್ಟೆಲ್ಲ ಸಾಯುತ್ತವೆ. ಕೊನೆಯ ದಿನ ನೋಡಿದರೆ ಒಂಬತ್ತು ತಿಂಡಿ ಬಾಕಿ. ನಿಷೇಧಾಜ್ಞೆಯ ನಡುವೆಯೂ ಕೋಡುಬಳೆ ಡಬ್ಬ ಬರಿದಾಗಿರುವುದು ಆಗ ಬೆಳಕಿಗೆ ಬಂತು. ಯಾರು ತಿಂದಿರೆಂದು ರಾಯರು ಕೇಳಿದರು. ಆರು ವರ್ಷದವನಿಂದ ಹಿಡಿದು ಎಪ್ಪತ್ತೈದು ದಾಟಿದವರವರೆಗೆ ಎಲ್ಲರೂ ಕಿಟಕಿಯಾಚೆ ನೋಡಿದರು. ರಾಯರು ಒಬ್ಬರೇ ಅಂಗಡಿಗೆ ನುಗ್ಗಿ ಒಂಬತ್ತು ಕ್ರೆಡಿಟ್ಟಿಗೂ ಆಫೀಸಿನವರಿಗೆಂದು ಮಿಠಾಯಿ ತಂದರು.

ಫ್ರೀಮಾಂಟಿಗೆ ಮರಳಿದ ವಾರ ರಾಯರು ಲ್ಯಾಪ್‌ಟಾಪ್ ತೆರೆದು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅಪ್ಪ ನಿವೃತ್ತ ಲೆಕ್ಕಪತ್ರಾಧಿಕಾರಿ.

"ನೋಡಿ ಅಪ್ಪಾ, ಕೊಟ್ಟದ್ದು 2,505. ಮೆನು ಬೆಲೆಯ ಪ್ರಕಾರ ತಿಂದದ್ದು 2,623. ನೂರ ಹದಿನೆಂಟು ಡಾಲರ್ ಲಾಭ!"

"ಟಿಪ್ಸು?"

"ಅದನ್ನ ಬೇರೆ ಶೀಟಿಗೆ ಹಾಕಿದೀನಿ."

"ಹಾಗಾದರೆ ಕಂಪನಿಯವನು ನಮ್ಮಿಂದ ನಷ್ಟದಲ್ಲಿದಾನೆ ಅನ್ನು."

"ಬೇರೆಯವರು ಕ್ರೆಡಿಟ್ ಬಿಟ್ಟು ಹೋಗ್ತಾರಪ್ಪ. ಅದರಲ್ಲಿ ಅವನಿಗೆ ನಡೆಯುತ್ತೆ."

ಅಪ್ಪ ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ಮೇಲಿಂದ ಕೆಳಗೆ ನೋಡಿದರು. "ಎಲ್ಲ ಸರಿ. ಆದರೆ ಹಸಿವಾದಾಗ, ಹಸಿವಾದಷ್ಟೇ, ದುಡ್ಡು ಕೊಟ್ಟು ತಿಂದಿದ್ದರೆ ಎಷ್ಟಾಗ್ತಿತ್ತು? ಆ ಕಾಲಂ ಎಲ್ಲಿ?"

ರಾಯರು ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು. ಆ ಕಾಲಂ ಇರಲಿಲ್ಲ. ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡು, ಅಡುಗೆಮನೆಯ ಕಡೆ ತಿರುಗಿ ಕೂಗಿದರು:

"ಲೇ, ಮಗನಿಗೆ ಹತ್ತು ತುಂಬೋದರೊಳಗೆ ಇನ್ನೊಂದು ಸಲ ಹೋಗಿಬಂದುಬಿಡೋಣ. ಇನ್ನೂ ಚಿಕ್ಕವರ ರೇಟೇ ನಡೆಯುತ್ತೆ!"