ಇಲ್ಲೇ, ಹತ್ತು ನಿಮಿಷ

ಕಾರವಾರದಿಂದ ಭಟ್ಕಳದವರೆಗಿನ ಕಡಲತಡಿಯಲ್ಲಿ ಕಾಣಸಿಗುವ ಸ್ಥಳೀಯ ಸಲಹೆಗಾರ ಸಂಪೂರ್ಣ ಹವ್ಯಾಸಿ. ಅವನಿಗೆ ಸಂಬಳವಿಲ್ಲ, ಕಮಿಷನ್ ಇಲ್ಲ, ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿಯೂ ಇಲ್ಲ. ನಿವೃತ್ತ ಬ್ಯಾಂಕ್ ಗುಮಾಸ್ತ, ಹೈಸ್ಕೂಲು ಮಾಸ್ತರ, ಔಷಧಿ ಅಂಗಡಿಯವ, ಎಲ್‌ಐಸಿ ಏಜೆಂಟ್ ಹೀಗೆ ಏನೋ ಒಂದು ಹೊಟ್ಟೆಪಾಡು ಇಟ್ಟುಕೊಂಡು, ಮಿಕ್ಕ ಹೊತ್ತನ್ನೆಲ್ಲ ಪರಊರಿನವರಿಗೆ ದಾರಿ ಹೇಳಲು ಮೀಸಲಿಟ್ಟಿರುತ್ತಾನೆ. ಬಸ್ ಸ್ಟ್ಯಾಂಡಿನ ಎದುರಿನ ಚಾದಂಗಡಿ, ಬೆಂಗಳೂರಿನಿಂದ ಬರುವ ಪಂಚಗಂಗಾ ಎಕ್ಸ್‌ಪ್ರೆಸ್‌ನ ಕೆಳಗಿನ ಬರ್ತು, ಲಾಡ್ಜಿನ ರಿಸೆಪ್ಷನ್ ಬಳಿಯ ಬೆಂಚು ಅವನ ಮಾಮೂಲಿ ತಾಣಗಳು. ಹುಡುಕುವ ಶ್ರಮ ಬೇಡ. ಕೈಯಲ್ಲಿ ಬ್ಯಾಗು ಹಿಡಿದು ಎರಡು ಸಲ ಅತ್ತಿತ್ತ ನೋಡಿದರೆ ಸಾಕು, ಅವನೇ ಬರುತ್ತಾನೆ. ಅವನು ವರ್ಣಿಸುವ ಊರು ಈಗಿರುವ ಊರಿಗಿಂತ ಸುಮಾರು ನಲವತ್ತು ವರ್ಷ ಹಳೆಯದು. ಅಷ್ಟನ್ನು ಕಳೆದು ಲೆಕ್ಕ ಹಾಕಿಕೊಂಡರೆ ಅವನ ಮಾತು ಬಹಳ ಉಪಯೋಗದ್ದು.

ಸಮಾಲೋಚನೆ ಶುರುವಾಗುವುದು ಒಂದು ನಿಗದಿತ ಪ್ರಶ್ನೆಯಿಂದ: “ಎಷ್ಟು ದಿನಕ್ಕೆ ಬಂದದ್ದು?” ಎರಡು ದಿನ ಎಂದರೆ, “ಎರಡು ದಿನದಲ್ಲಿ ಎಂಥದು ನೋಡ್ತೀರಿ ಮಾರಾಯ್ರೆ, ಒಂದು ವಾರವಾದ್ರೂ ಬೇಕು” ಎಂಬ ಉತ್ತರ ಬರುತ್ತದೆ. ಒಂದು ವಾರ ಎಂದವರಿಗೆ, “ಒಂದು ವಾರ ಮಾಡೂದೆಂತ ಇಲ್ಲಿ?” ಎನ್ನುತ್ತಾನೆ. ಇದರಲ್ಲಿ ವಿರೋಧಾಭಾಸ ಹುಡುಕಬಾರದು. ಮೊದಲನೆಯದು ಊರಿನ ಅಭಿಮಾನ, ಎರಡನೆಯದು ಅಲ್ಲೇ ಬದುಕಿದವನ ಅನುಭವ.

ದೂರದ ವಿಷಯದಲ್ಲಿ ಅವನ ಮೂಲಮಾನ “ಇಲ್ಲೇ, ಹತ್ತು ನಿಮಿಷ.” ಕಾರವಾರದ ರೈಲು ನಿಲ್ದಾಣ ಊರೊಳಗಿಲ್ಲ, ಶಿರವಾಡದಲ್ಲಿದೆ. ಗೋಕರ್ಣ ರೋಡ್ ನಿಲ್ದಾಣದಿಂದ ಗೋಕರ್ಣಕ್ಕೆ ಇನ್ನೂ ಒಂಬತ್ತು ಹತ್ತು ಕಿಲೋಮೀಟರ್. ಆದ್ದರಿಂದ ಹತ್ತು ನಿಮಿಷದೊಂದಿಗೆ ಪ್ರವಾಸಿಯ ಮೊದಲ ಜಗಳ ರೈಲಿಳಿದ ಕೂಡಲೇ ಆಗುತ್ತದೆ, ಆಟೋದಲ್ಲಿ. ಮೂವತ್ತೈದು ಕಿಲೋಮೀಟರ್ ಆಚೆಯ ಅಂಕೋಲೆ ಸಲಹೆಗಾರನ ಪ್ರಕಾರ ಅರ್ಧ ತಾಸು, ಅರವತ್ತು ಕಿಲೋಮೀಟರ್ ದೂರದ ಗೋಕರ್ಣಕ್ಕೆ “ಒಂದು ತಾಸೂ ಬೇಡ.” ಲೆಕ್ಕ ಸುಳ್ಳಲ್ಲ. ಯಾವಾಗಲೋ ಒಮ್ಮೆ, ಬೆಳಗಿನ ಐದಕ್ಕೆ, ಬಜಾಜ್ ಸ್ಕೂಟರಿನಲ್ಲಿ, ರಸ್ತೆಯಲ್ಲಿ ನಾಯಿಯೂ ಇಲ್ಲದಾಗ ಅವನು ಹಾಗೆ ಹೋಗಿದ್ದುಂಟು. ದಾರಿ ಹೇಳುವಾಗ ಅವನು ಆಧರಿಸುವ ಗುರುತುಗಳೂ ಆ ಕಾಲದವೇ. “ಮೊದಲು ಥಿಯೇಟರ್ ಇತ್ತಲ್ಲ, ಅಲ್ಲಿಂದ ಎಡಕ್ಕೆ” ಎಂದು ಧೈರ್ಯವಾಗಿ ಹೇಳುತ್ತಾನೆ. ಥಿಯೇಟರ್ ಕೆಡವಿ ಬಹಳ ಕಾಲವಾಗಿದೆ, ಪ್ರವಾಸಿ ಅದನ್ನು ಕಂಡೇ ಇಲ್ಲ. ಆದರೂ ಆತ ತಲೆಯಾಡಿಸಿ ಹೊರಡುತ್ತಾನೆ.

ಕಾಲಗಣನೆಗೆ ಸಲಹೆಗಾರನ ಬಳಿ ಮೂರು ಯುಗಗಳಿವೆ. ಸೀಬರ್ಡ್‌ಗಿಂತ ಮೊದಲು, ಕೊಂಕಣ ರೈಲಿಗಿಂತ ಮೊದಲು, ಚತುಷ್ಪಥಕ್ಕಿಂತ ಮೊದಲು. ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದದ್ದು 1986ರಲ್ಲಿ, ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಅದು ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಿಂದ. ಯಾವ ಯುಗದ ಪ್ರಸ್ತಾಪವಾದರೂ ಅತ್ಯುತ್ತಮ ಜಾಗ ಅದರ ಹಿಂದಿನ ಯುಗದಲ್ಲಿರುತ್ತದೆ. “ಅರ್ಗಾದ ಸಮುದ್ರ ನೋಡಿದೀರಾ? ಅದು ಸಮುದ್ರ! ಈಗ ನೋಡೂಕೆ ಬಿಡೂದಿಲ್ಲ, ನೇವಿಯದ್ದು.” ಅಂಜುದೀವ್ ದ್ವೀಪವೂ ನೌಕಾಪಡೆಯ ವಶದಲ್ಲಿದೆ. ಅವನ ಪಟ್ಟಿಯಲ್ಲಿ ಅದಕ್ಕೆ ಎರಡನೇ ಸ್ಥಾನ. ಹೀಗೆ ಮೊದಲ ಎರಡು ಶಿಫಾರಸುಗಳು ಸಾಮಾನ್ಯನಿಗೆ ಪ್ರವೇಶವಿಲ್ಲದವು. ಇದನ್ನು ಬರೀ ಹಳಹಳಿಕೆ ಎಂದು ತಳ್ಳಿಹಾಕುವುದೂ ಸರಿಯಲ್ಲ. ನೌಕಾನೆಲೆಗಾಗಿ ಮನೆ, ಗದ್ದೆ, ದೋಣಿ ನಿಲ್ಲಿಸುವ ಜಾಗ ಬಿಟ್ಟು ಎದ್ದ ಕುಟುಂಬಗಳಲ್ಲಿ ಎಷ್ಟೋ ಸಲ ಅವನ ನೆಂಟರಿಷ್ಟರೂ ಇರುತ್ತಾರೆ.

ನೋಡಲು ಸಿಗುವ ಜಾಗಗಳಿಗೆ ಅವನು ಬರುವುದು ಆಮೇಲೆ. ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. 1883ರಲ್ಲಿ, ಇಪ್ಪತ್ತೆರಡರ ತರುಣನಾಗಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಅವರು ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದದ್ದು ಆಗಲೇ. ಸಲಹೆಗಾರ ಈ ಸಂಗತಿಯನ್ನು ಯಾರಿಗೂ ಹೇಳದೆ ಬಿಟ್ಟವನಲ್ಲ. ಏನು ಬರೆದರು ಎಂದು ಕೇಳಿದರೆ ಮಾತ್ರ ಒಂದು ಕ್ಷಣ ಸಮುದ್ರ ನೋಡಿ “ಗೀತಾಂಜಲಿ” ಎನ್ನುತ್ತಾನೆ. ಪಕ್ಕದಲ್ಲೇ ಯುದ್ಧನೌಕೆ ಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ಕುರಿತೂ ಅವನಲ್ಲಿ ಇಂಥದೇ ಔದಾರ್ಯವಿದೆ. 1971ರಲ್ಲಿ ಕರಾಚಿ ಬಂದರಿಗೆ ಬೆಂಕಿ ಹಚ್ಚಿದ್ದು ಇದೇ ನೌಕೆ ಎಂದು ಮಕ್ಕಳ ಎದುರು ಘೋಷಿಸುತ್ತಾನೆ. ಚಪಲ್ ನೌಕಾಪಡೆಗೆ ಸೇರಿದ್ದು ಆ ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ.

ಕಾಳಿ ನದಿಯ ಆಚೆ ದಡದಲ್ಲಿ ಸೋದೆಯ ಅರಸರು ಕಟ್ಟಿದ ಸದಾಶಿವಗಡವಿದೆ. ಹೆದ್ದಾರಿ ಆ ಗುಡ್ಡವನ್ನೇ ಸೀಳಿಕೊಂಡು ಹೋಗಿರುವುದರಿಂದ ಕೋಟೆಯನ್ನು ನೋಡದೆ ದಾಟುವುದು ಸಾಧ್ಯವಿಲ್ಲ, ನೋಡಿ ಗುರುತು ಹಿಡಿಯುವುದೂ ಸುಲಭವಿಲ್ಲ. ಮೇಲೆ ಹತ್ತಿದರೆ ನದಿ ಸಮುದ್ರ ಸೇರುವ ಜಾಗ, ಕೊಲ್ಲಿಗೆ ಕಾವಲು ನಿಂತ ದ್ವೀಪಗಳು, ಮೀನುದೋಣಿಗಳ ಸಾಲು ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಇದು ನಿಜಕ್ಕೂ ಒಳ್ಳೆಯ ಶಿಫಾರಸು. ಆದರೆ ಈಚೆಗೆ ಸಲಹೆಗಾರ ಕೋಟೆಗಿಂತ ಸೇತುವೆಗೇ ಹೆಚ್ಚು ಹೊತ್ತು ಕೊಡುತ್ತಾನೆ. ಕಾಳಿಯ ಹಳೆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಒಂದು ಲಾರಿ ಸಮೇತ ನದಿಗೆ ಕುಸಿಯಿತು, ಚಾಲಕ ಬದುಕಿ ಉಳಿದ. ಅದು ಬೀಳುತ್ತದೆ ಎಂದು ಅವನು ಎಷ್ಟೋ ವರ್ಷಗಳಿಂದ ಹೇಳುತ್ತಲೇ ಬಂದಿದ್ದ. ಯಾವ ಯಾವ ಕಟ್ಟೆಯ ಮೇಲೆ, ಯಾರೆದುರು ಹೇಳಿದ್ದು ಎಂಬ ವಿವರವೂ ಪ್ರವಾಸಿಗೆ ದೊರೆಯುತ್ತದೆ. ಪುಷ್ಯ ಹುಣ್ಣಿಮೆಗೆ ಕೂರ್ಮಗಡ ದ್ವೀಪದಲ್ಲಿ ನರಸಿಂಹನ ಜಾತ್ರೆ. ಮೀನುಗಾರರು ಬಾಳೆಗೊನೆ ಹೊತ್ತು ದೋಣಿಯಲ್ಲಿ ಹೋಗುತ್ತಾರೆ. ಪ್ರವಾಸಿ ಯಾವ ತಿಂಗಳಲ್ಲಿ ಬಂದರೂ “ಜಾತ್ರೆಗೆ ಬರಬೇಕಿತ್ತು ನೀವು” ಎನ್ನುವುದು ಪದ್ಧತಿ.

ದಕ್ಷಿಣಕ್ಕೆ ಇಳಿದಂತೆ ಊರಿಗೊಬ್ಬ ಸಲಹೆಗಾರ ಬದಲಾಗುತ್ತಾನೆ, ಪಕ್ಕದ ಊರಿನ ಬಗ್ಗೆ ಅವನ ಅಭಿಪ್ರಾಯ ಬದಲಾಗುವುದಿಲ್ಲ: “ಎಂಥದೂ ಇಲ್ಲ ಅಲ್ಲಿ.” ಅಂಕೋಲೆಯವನು 1930ರ ಉಪ್ಪಿನ ಸತ್ಯಾಗ್ರಹದಿಂದ ಆರಂಭಿಸಿ ಕರಿ ಈಶಾಡ ಮಾವಿನಹಣ್ಣಿಗೆ ಬಂದು ಮುಟ್ಟುತ್ತಾನೆ. 2023ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಈ ಹಣ್ಣಿಗೆ ಸಿಪ್ಪೆ ತೆಳು, ಆಯುಸ್ಸು ಕಡಿಮೆ, ದೂರ ಸಾಗಿಸಿದರೆ ಕೆಡುತ್ತದೆ. ಹಾಗಾಗಿ ತಿನ್ನಬೇಕಾದರೆ ಮೇ ತಿಂಗಳ ಉರಿಸೆಕೆಯಲ್ಲಿ ಅಂಕೋಲೆಗೇ ಬರಬೇಕು. ಕುಮಟೆಯವನು ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ತೋರಿಸುತ್ತಾನೆ, ಮಿರ್ಜಾನ ಕೋಟೆಗೆ ಕಳಿಸುತ್ತಾನೆ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರು ಹೇಳುತ್ತಾನೆ. ಆಮೇಲೆ ದನಿ ತಗ್ಗಿಸಿ ಮುಖ್ಯ ವಿಷಯಕ್ಕೆ ಬರುತ್ತಾನೆ: “ಗೋಕರ್ಣ ಗೋಕರ್ಣ ಅಂತಾರಲ್ಲ, ಅದು ಕುಮಟಾ ತಾಲೂಕು.”

ಗೋಕರ್ಣದ ಸಲಹೆಗಾರನ ಬಳಿ ಎರಡು ಪಟ್ಟಿಗಳಿವೆ. ಹಣೆಯಲ್ಲಿ ಕುಂಕುಮವಿದ್ದವರಿಗೆ ಕೋಟಿತೀರ್ಥ, ಮಹಾಬಲೇಶ್ವರ. ಬೆನ್ನಿಗೆ ದೊಡ್ಡ ಚೀಲವಿದ್ದವರಿಗೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಎರಡೂ ಇದ್ದವರನ್ನು ಕಂಡರೆ ಅವನು ಸ್ವಲ್ಪ ತಬ್ಬಿಬ್ಬಾಗುತ್ತಾನೆ. ಕುಡ್ಲೆಯಿಂದ ಓಂ ತೀರಕ್ಕೆ ಬಂಡೆಗುಡ್ಡದ ಮೇಲಿನ ಕಾಲುದಾರಿ ಈ ಕರಾವಳಿಯ ಅತಿ ಚೆಂದದ ನಡಿಗೆಗಳಲ್ಲೊಂದು. ಅದು ಹತ್ತು ನಿಮಿಷದ್ದಲ್ಲ ಎಂದು ಬೇರೆ ಹೇಳಬೇಕಿಲ್ಲ. ಆತ್ಮಲಿಂಗದ ಕಥೆ ಎರಡೂ ಪಟ್ಟಿಯವರಿಗೆ ಕಡ್ಡಾಯ. ಲಂಕೆಗೆ ಹೊರಟ ರಾವಣ ಸಂಧ್ಯಾವಂದನೆಗೆಂದು ಲಿಂಗವನ್ನು ಅಲ್ಲೇ ಸಿಕ್ಕ ಹುಡುಗನ ಕೈಗೆ ಕೊಟ್ಟ. ಹುಡುಗ ಮೂರು ಸಲ ಕೂಗಿ ನೆಲಕ್ಕಿಟ್ಟ. ಹುಡುಗ ಗಣಪತಿ. ಊರಿನವನೊಬ್ಬನನ್ನು ನಂಬಿ ಪ್ರವಾಸಿಯೊಬ್ಬ ಕೆಟ್ಟ ಮೊದಲ ದಾಖಲೆ ಹೀಗೆ ಇದೇ ಕರಾವಳಿಯದು. ಸಿಟ್ಟಿಗೆದ್ದ ರಾವಣ ಕಿತ್ತೆಸೆದ ಭಾಗಗಳು ಬಿದ್ದ ಶೆಜ್ಜೇಶ್ವರ, ಧಾರೇಶ್ವರ, ಗುಣವಂತೆ, ಮುರ್ಡೇಶ್ವರಗಳು ಗೋಕರ್ಣದ ಜೊತೆ ಸೇರಿ ಪಂಚಕ್ಷೇತ್ರಗಳಾದವು. ಕಾರವಾರದಿಂದ ಭಟ್ಕಳದವರೆಗೆ ಯಾವ ಊರಿನ ಸಲಹೆಗಾರನೂ ಬರಿಗೈಯಲ್ಲಿ ಉಳಿಯದಂತೆ ರಾವಣ ನೋಡಿಕೊಂಡಿದ್ದಾನೆ.

ಹೊನ್ನಾವರದವನಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಾಸರಕೋಡು ತೀರವಿದೆ, ಶರಾವತಿಯ ಅಳಿವೆಯಿದೆ, ಅಪ್ಸರಕೊಂಡವಿದೆ. ಜೋಗದ ಬಗ್ಗೆ ಯಾರಾದರೂ ಹೊಗಳಿದರೆ, “ಆ ನೀರು ಕಡೆಗೆ ಇಲ್ಲಿಗೇ ಬರೂದು” ಎಂದು ಸಮಾಧಾನ ತಂದುಕೊಳ್ಳುತ್ತಾನೆ. ಮುರ್ಡೇಶ್ವರದಲ್ಲಿ 123 ಅಡಿಯ ಶಿವನೂ ಲಿಫ್ಟ್ ಇರುವ ರಾಜಗೋಪುರವೂ ತಮ್ಮನ್ನು ತಾವೇ ಶಿಫಾರಸು ಮಾಡಿಕೊಳ್ಳುವುದರಿಂದ ಅಲ್ಲಿನ ಸಲಹೆಗಾರನಿಗೆ ಪಾರ್ಕಿಂಗ್ ಒಂದೇ ವಿಷಯ ಉಳಿದಿದೆ. ಭಟ್ಕಳದವನು ಮಲ್ಲಿಗೆ, ಬಿರಿಯಾನಿ ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಾನೆ, ಅವೆರಡೂ ಸಾಕು.

ಇಷ್ಟೂ ಊರುಗಳ ಸಲಹೆಗಾರರು ಒಂದಾಗುವುದು ಮೀನಿನಲ್ಲಿ. ಖಾನಾವಳಿಯ ಆಯ್ಕೆಯನ್ನು ಅವನು ಪ್ರವಾಸಿಗೆ ಬಿಡುವುದೇ ಇಲ್ಲ, ಜೊತೆಗೇ ಬರುತ್ತಾನೆ. ಎಸಿ ಇರುವ ಜಾಗ ನಿಷಿದ್ಧ. ಬೋರ್ಡು ಮಾಸಿರಬೇಕು, ಬೆಂಚು ಅಲುಗಾಡಬೇಕು, ಒಳಗಿನಿಂದ ತೆಂಗಿನಕಾಯಿ ರುಬ್ಬುವ ಸದ್ದು ಬರಬೇಕು. ಕೂತ ಮೇಲೆ ಮಾಲೀಕನೊಂದಿಗೆ ಕೊಂಕಣಿಯಲ್ಲಿ ಐದು ನಿಮಿಷ ಗಂಭೀರ ಚರ್ಚೆ ನಡೆಯುತ್ತದೆ. ಇಸ್ವಾಣ ಇವತ್ತಿನದೋ ನಿನ್ನೆಯದೋ, ಬಂಗಡೆಯ ಹುಮಣಕ್ಕೆ ತೆಫಳ ಬಿದ್ದಿದೆಯೋ ಇಲ್ಲವೋ, ತಿಸ್ರೆಯ ಸುಕ್ಕೆ ಮುಗಿದು ಹೋಯಿತೋ ಹೇಗೆ. ನೊಗಲಿ ರವೆಯಲ್ಲಿ ಹೊರಳಿ ಕಾವಲಿಯ ಮೇಲೆ ಚುರ್ ಎನ್ನುವಾಗ ಅವನು ಮಾತು ನಿಲ್ಲಿಸುತ್ತಾನೆ. ಇಡೀ ದಿನದಲ್ಲಿ ಅವನು ಸುಮ್ಮನಿರುವುದು ಆಗೊಮ್ಮೆ ಮಾತ್ರ. ಮುಳ್ಳು ಬಿಡಿಸುವ ವಿಧಾನವನ್ನು ಪ್ರವಾಸಿಯ ತಟ್ಟೆಗೇ ಕೈಹಾಕಿ ಕಲಿಸುತ್ತಾನೆ, ಕಡೆಯಲ್ಲಿ ಎರಡು ಲೋಟ ಸೋಲ್ ಕಡಿ ಕುಡಿಸುತ್ತಾನೆ. ಇಂಥ ಹೊತ್ತಲ್ಲಿ ಬೆಂಗಳೂರಿನ ಬಾಲಕನೊಬ್ಬ “ಗೋಬಿ ಮಂಚೂರಿ ಇದೆಯಾ?” ಎಂದರೆ ಸಲಹೆಗಾರನ ಮುಖ ನೋಡುವ ಹಾಗಿರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆ ಎರಡು ತಿಂಗಳಲ್ಲಿ ಬರುವುದಾಗಿ ಹೇಳಿದವರಿಗೆ ಅವನು ಹೊಳೆಮೀನು, ಒಣಮೀನುಗಳಲ್ಲಿ ಹೇಗೋ ಸುಧಾರಿಸಿಕೊಳ್ಳಲು ಹೇಳುತ್ತಾನೆ. ಸೋಮವಾರ ಬಂದರೆ ಪ್ರವಾಸಿಯೊಬ್ಬನೇ ತಿನ್ನಬೇಕಾಗಬಹುದು, ಅವನ ಮನೆಯಲ್ಲಿ ಅಂದು ವ್ರತ.

ನೀರಿಗಿಳಿಯುವ ವಿಷಯ ಬಂದಾಗ ಮಾತ್ರ ಅವನ ಮಾತಿನಲ್ಲಿ ಹಳೆಯದೂ ಇರುವುದಿಲ್ಲ, ಉತ್ಪ್ರೇಕ್ಷೆಯೂ ಇರುವುದಿಲ್ಲ. ಕಾರವಾರದ ಕೊಲ್ಲಿ ದ್ವೀಪಗಳ ಮರೆಯಲ್ಲಿರುವುದರಿಂದ ಅಲೆ ಸಣ್ಣದು. ಗೋಕರ್ಣ, ಮುರ್ಡೇಶ್ವರಗಳಲ್ಲಿ ಹಾಗಲ್ಲ. ಬಿಳಿನೊರೆಯ ಎರಡು ಅಲೆಗಳ ನಡುವೆ ನೀರು ನಯವಾಗಿ, ಶಾಂತವಾಗಿ ಕಾಣುವ ಪಟ್ಟಿಯೇ ಅಪಾಯದ್ದು. ದಡಕ್ಕೆ ಬಂದ ನೀರು ಅಲ್ಲಿಂದಲೇ ಸೆಳೆದುಕೊಂಡು ವಾಪಸು ಹೋಗುತ್ತದೆ. ಸಿಕ್ಕಿಬಿದ್ದವರು ದಡದ ಕಡೆಗೆ ಈಜದೆ, ದಡಕ್ಕೆ ಸಮಾನಾಂತರವಾಗಿ ಅಡ್ಡ ಈಜಿ ಹೊರಬರಬೇಕು. ಇದನ್ನು ಅವನು ಪ್ರತಿ ಪ್ರವಾಸಿಗೂ ಹೇಳುತ್ತಾನೆ, ಹೆಚ್ಚಿನವರು ಸೆಲ್ಫಿ ತೆಗೆಯುತ್ತ ಕೇಳಿಸಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಹೆದ್ದಾರಿಯ ಗುಡ್ಡದಡಿ ಕಾರು ನಿಲ್ಲಿಸಿ ಚಾ ಕುಡಿಯಬೇಡಿ ಎಂಬ ಮಾತನ್ನೂ ಈಗ ಸೇರಿಸಿದ್ದಾನೆ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದ ಮೇಲೆ ಅವನಿಗೆ ಆ ವಿಷಯದಲ್ಲಿ ತಮಾಷೆ ಸಾಧ್ಯವಾಗುವುದಿಲ್ಲ.

ಗೋವಾ ಅವನ ಖಾಯಂ ವೈರಿ. ಕಾರವಾರದಿಂದ ಗಡಿ ಸುಮಾರು ಹದಿನೈದು ಕಿಲೋಮೀಟರ್. “ಅದೇ ನೀರು, ಅದೇ ಮರಳು. ಅಲ್ಲಿ ದುಡ್ಡು ಜಾಸ್ತಿ, ಅಷ್ಟೇ” ಎನ್ನುತ್ತಾನೆ. ಆಡುವ ಭಾಷೆ, ತಿನ್ನುವ ಹುಮಣ, ಕೊಟ್ಟು ತರುವ ಹೆಣ್ಣುಗಂಡು ಎಲ್ಲದರಲ್ಲೂ ಗೋವಾದೊಂದಿಗೆ ಅವನಿಗೆ ನಂಟಿದೆ. ಮಗ ಕೆಲಸಕ್ಕೆ ಹೋಗುವುದು ಅಲ್ಲಿಗೇ, ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಆಂಬುಲೆನ್ಸ್ ತಿರುಗುವುದೂ ಅತ್ತಲೇ, ಮದುವೆಯ ಜವಳಿ ಮಡಗಾಂವಿನಲ್ಲೇ. ಪ್ರವಾಸಕ್ಕೆಂದು ಹೋಗಬಾರದು ಎಂಬುದಷ್ಟೇ ಅವನ ನಿಲುವು.

ಈ ಮಾದರಿಯ ಒಂದು ಉಪಜಾತಿ ಬೆಂಗಳೂರಿನಲ್ಲಿದೆ. ಊರು ಬಿಟ್ಟು ಎರಡು ದಶಕ ದಾಟಿದ ಈತನ ಸಲಹೆ ಎಲ್ಲಕ್ಕಿಂತ ಖಚಿತ, ಎಲ್ಲಕ್ಕಿಂತ ಹಳತು. ಆಫೀಸಿನಲ್ಲಿ ಯಾರಾದರೂ ಗೋಕರ್ಣ ಎಂದರೆ ಸಾಕು, ಕಾಗದದ ಮೇಲೆ ನಕ್ಷೆ ಬರೆದು ಕೊಡುತ್ತಾನೆ. ಅದರಲ್ಲಿ ಫ್ಲೈಓವರ್ ಇರುವುದಿಲ್ಲ, ಕಾರವಾರದ ಸುರಂಗ ಇರುವುದಿಲ್ಲ, ಮುಚ್ಚಿಹೋದ ಖಾನಾವಳಿಯೊಂದು ಮಾತ್ರ ವೃತ್ತ ಹಾಕಿಸಿಕೊಂಡು ರಾರಾಜಿಸುತ್ತಿರುತ್ತದೆ. ಊರಿನ ಸಲಹೆಗಾರ ಈತನನ್ನು ಸಮಾನನೆಂದು ಒಪ್ಪುವುದಿಲ್ಲ. ತಾನಾದರೋ ನಿತ್ಯ ಇಲ್ಲೇ ಇರುವವನು ಎಂಬುದು ಅವನ ವಾದ. ಅವನು ಕೊನೆಯ ಸಲ ಸಮುದ್ರಕ್ಕೆ ಹೋದದ್ದು ಹೋದ ವರ್ಷ ಬಂದ ನೆಂಟರ ಜೊತೆ. ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್ ಬಗ್ಗೆ ಅರ್ಧ ತಾಸು ಮಾತಾಡಬಲ್ಲ ಅವನಿಗೆ ಈಜು ಬರುವುದಿಲ್ಲ.

ಪ್ರವಾಸಿ ಹೊರಡುವ ದಿನ ಸಲಹೆ ಮುಗಿದು ಸಾಮಾನು ಶುರುವಾಗುತ್ತದೆ. ಎರಡು ದಿನದಲ್ಲಿ ಪಟ್ಟಿಯ ಕಾಲುಭಾಗವೂ ಆಗಿರುವುದಿಲ್ಲ, ಏಕೆಂದರೆ ಎರಡನೆಯ ಮಧ್ಯಾಹ್ನ ಅವನ ಮನೆಯಲ್ಲೇ ಊಟ, ಊಟದ ಮೇಲೆ ಅವನ ಮನೆಯಲ್ಲೇ ನಿದ್ದೆ. ಸ್ಟೇಷನ್ನಿಗೆ ಅವನೇ ಬರುತ್ತಾನೆ, ಹತ್ತು ನಿಮಿಷ ಎಂದುಕೊಂಡೇ ಹೊರಟು, ರೈಲು ಅಲುಗಾಡುವ ಹೊತ್ತಿಗೆ ಮುಟ್ಟುತ್ತಾನೆ. ಕಿಟಕಿಯಿಂದ ಒಳಗೆ ತಳ್ಳುವ ಕೈಚೀಲದಲ್ಲಿ ಕೋಕಂ ಸಿಪ್ಪೆ, ಕುಮಟೆಯ ಈರುಳ್ಳಿ, ಮತ್ತು ಐದು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಣಮೀನಿನ ಪೊಟ್ಟಣ ಇರುತ್ತದೆ. “ವಾಸನೆ ಬರೂದಿಲ್ಲ” ಎಂದು ಅವನು ಕೂಗಿ ಹೇಳುತ್ತಾನೆ. ಅಂಕೋಲೆ ಬರುವ ಮೊದಲೇ ಎದುರಿನ ಬರ್ತಿನವರು ಮೂಗಿಗೆ ಕರವಸ್ತ್ರ ಹಿಡಿದು ಟಿಟಿಯನ್ನು ಹುಡುಕಿಕೊಂಡು ಹೊರಡುತ್ತಾರೆ.