ಟವೆಲ್ಲಿಗೆ ವಿನಾಯಿತಿ ಉಂಟೇ?

ಚಿಂತಾಮಣಿಯ ಟೀ ಅಂಗಡಿಗಳಲ್ಲಿ ವಕೀಲರಿಗಿಂತ ಹೆಚ್ಚು ಕಾನೂನು ಬಲ್ಲವರು ಸಿಗುತ್ತಾರೆ. ಕಾಯ್ದೆ ಓದಿ ಕಲಿತವರಲ್ಲ, ದಂಡ ಕಟ್ಟಿ ಕಲಿತವರು.

‘ಕೆಎ-67 ನಮ್ಮೂರ ನಂಬರೇ ಅಲ್ವೇನಣ್ಣಾ, ಊರೊಳಗೆ ಹೆಲ್ಮೆಟ್ ಯಾಕೆ?’ ಇದು ದಿನದ ಮೊದಲ ಸಂಶಯ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ನಿಗೆ ಊರು, ಪರವೂರು ಎಂಬ ಭೇದವಿಲ್ಲ. ನಾಲ್ಕು ವರ್ಷ ದಾಟಿದ ತಲೆಯಾದರೆ ಸಾಕು. ಹಿಂದೆ ಕೂತವರಿಗೂ ರಾಜ್ಯದಲ್ಲಿ 2016ರಿಂದ ಕಡ್ಡಾಯ. ಇಲ್ಲಿ ಮಾತ್ರ ಅದು ಬೈಕಿನ ಕನ್ನಡಿಗೆ ನೇತುಬಿದ್ದು ಕನ್ನಡಿಯನ್ನೇ ಕಾಪಾಡುತ್ತಿರುತ್ತದೆ. ಪೇಟ ಧರಿಸಿದ ಸಿಖ್ಖರಿಗೆ ಅದೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ ಎಂದು ಯಾರೋ ಹೇಳಿದ್ದೇ ತಡ, ಟೊಮೆಟೊ ಮಾರ್ಕೆಟ್ಟಿಗೆ ಹೊರಟವರೊಬ್ಬರು ಟವೆಲ್ಲನ್ನು ತಲೆಗೆ ಸುತ್ತಿಯೇಬಿಟ್ಟರು!

ಆರ್‌ಸಿ ಮನೆಯಲ್ಲಿ ಮರೆತವರಿಗೆ ಡಿಜಿಲಾಕರ್ ಇದೆ, ಅದು ನಡೆಯುತ್ತದೆ. ಮೊಬೈಲಿನಲ್ಲಿ ಚಾರ್ಜ್ ಇರಬೇಕು, ಅಷ್ಟೇ.

ಒಂಬತ್ತನೇ ಕ್ಲಾಸಿನ ಮಗ ಕೈವಾರದವರೆಗೂ ಗಾಡಿ ಓಡಿಸಿದ ಎಂದು ಮೀಸೆ ತಿರುವುವ ಅಪ್ಪಂದಿರಿಗೆ 2019ರ ತಿದ್ದುಪಡಿ ಗೊತ್ತಿದ್ದಂತಿಲ್ಲ. ಅಪ್ರಾಪ್ತರು ಓಡಿಸಿ ತಪ್ಪು ಮಾಡಿದರೆ ಪೋಷಕರಿಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಇದನ್ನು ಕೇಳಿದ ಒಬ್ಬ ಅಪ್ಪ ಟೀ ಅರ್ಧಕ್ಕೇ ಬಿಟ್ಟು ಮನೆಗೆ ಓಡಿದರಂತೆ, ನಡೆದೇ. ಗಾಡಿ ಮಗನ ಹತ್ತಿರ ಇತ್ತಲ್ಲ!

ಕೊನೆಗೆ ಉಳಿಯುವುದು ಒಂದೇ ಪ್ರಶ್ನೆ. 2023ರ ಫೆಬ್ರುವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಿತ್ತು. ‘ಮುಂದಿನ ಆಫರ್ ಯಾವಾಗ ಸಾರ್? ಅಲ್ಲೀಗಂಟ ತಡೀತೀವಿ.’