ನಿರಪರಾಧಿ ಬಲ್ಬು

ರಾತ್ರಿ ಹೊತ್ತು ರಸ್ತೆ ಸರಿಯಾಗಿ ಕಾಣಿಸುತ್ತಿಲ್ಲ ಎಂದು ಕಾರಿನ ಮಾಲೀಕರು ಗೊಣಗಿದರೆ ಸಾಕು, ಸುತ್ತಲಿನವರ ಬಾಯಿಂದ ಒಂದೇ ತೀರ್ಪು ಬರುತ್ತದೆ: ‘ಬಲ್ಬ್ ಚೇಂಜ್ ಮಾಡ್ಸಿ ಸಾರ್.’ ತೀರ್ಪು ಕೊಡಲು ಮೆಕ್ಯಾನಿಕ್ಕೇ ಬೇಕೆಂದಿಲ್ಲ. ಆಫೀಸಿನ ಪಕ್ಕದ ಕುರ್ಚಿಯವರು, ಹೆಂಡತಿಯ ಅಣ್ಣ, ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬುವ ಹುಡುಗ, ಈ ವಿಷಯದಲ್ಲಿ ಎಲ್ಲರೂ ನ್ಯಾಯಾಧೀಶರೇ. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ. ಆರೋಪಿ ಪಾಪ ಉರಿಯುತ್ತಲೇ ಇರುವಾಗ ಶಿಕ್ಷೆ ಜಾರಿಯಾಗಿಬಿಡುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ನೋಡಿದರೆ ಈ ಒಂದು ತೀರ್ಪನ್ನು ನಂಬಿಕೊಂಡು ಎಷ್ಟು ವ್ಯಾಪಾರ ನಡೆಯುತ್ತಿದೆ ಎಂಬುದು ತಿಳಿಯುತ್ತದೆ. ನೀಲಿ ಬಲ್ಬು, ಹಾಲುಬಿಳಿ ಬಲ್ಬು, ಬೆನ್ನಿಗೆ ಪುಟ್ಟ ಫ್ಯಾನು ಕಟ್ಟಿಕೊಂಡ ಎಲ್‌ಇಡಿ, ‘ನೂರು ಪರ್ಸೆಂಟ್ ಜಾಸ್ತಿ’ ಎಂದು ಡಬ್ಬಿಯ ಮೇಲೇ ಆಣೆ ಪ್ರಮಾಣ ಮಾಡುವ ಬಲ್ಬು. ನಾನಿಲ್ಲಿ ಆರೋಪಿಯ ಪರ ವಕಾಲತ್ತು ವಹಿಸಿದ್ದೇನೆ. ಕಾರಿನ ಬೆಳಕು ಮಂಕಾದಾಗ ತಪ್ಪು ಬಲ್ಬಿನದ್ದೇ ಆಗಿರುವುದು ಅಪರೂಪ. ಬೆಳಕು ಬ್ಯಾಟರಿಗೂ ರಸ್ತೆಗೂ ನಡುವೆ ಎಲ್ಲೆಲ್ಲೋ ಸೋರಿಹೋಗಿರುತ್ತದೆ.

ಮೊದಲು ಆರೋಪಿಯ ಪರಿಚಯ ಆಗಲಿ. ನಮ್ಮ ಸಣ್ಣ ಕಾರುಗಳಲ್ಲಿ ಬಹಳಷ್ಟಕ್ಕೆ ಇರುವುದು ಎಚ್4 ಎಂಬ ಹ್ಯಾಲೊಜೆನ್ ಬಲ್ಬು. ಹೈ ಬೀಮಿಗೆ 60 ವ್ಯಾಟ್, ಲೋ ಬೀಮಿಗೆ 55. ಬೆರಳುದಪ್ಪದ ಗಾಜಿನ ಕೊಳವೆಯೊಳಗೆ ಎರಡು ತಂತಿಸುರುಳಿ. ಲೋ ಬೀಮಿನ ಸುರುಳಿಯ ಕೆಳಗೆ ಬಾಗಿದ ಪುಟ್ಟ ತಗಡೊಂದು ಇರುತ್ತದೆ. ಸುರುಳಿಯ ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೀಳದಂತೆ ತಡೆಯುವುದು ಅದರ ಕೆಲಸ. ಮೇಲ್ಭಾಗಕ್ಕೆ ಬಿದ್ದ ಬೆಳಕು ಕೆಳಮುಖವಾಗಿ ರಸ್ತೆಗೆ ಹೋಗುತ್ತದೆ, ಕೆಳಭಾಗಕ್ಕೆ ಬಿದ್ದದ್ದು ಎದುರಿನವರ ಕಣ್ಣಿಗೆ ಹೋಗುತ್ತದೆ. ಆ ತಗಡು ಪೂರ್ತಿ ಅರ್ಧವೃತ್ತವೂ ಅಲ್ಲ, 165 ಡಿಗ್ರಿ ಮಾತ್ರ. ಬಿಟ್ಟ 15 ಡಿಗ್ರಿಯ ಸಂದಿನಲ್ಲಿ ನುಸುಳಿದ ಬೆಳಕು ರಸ್ತೆಯ ಎಡ ಅಂಚಿನಲ್ಲಿ ಮಾತ್ರ ಕೊಂಚ ಮೇಲೇರಿ ಪಾದಚಾರಿಯನ್ನೂ ಎಮ್ಮೆಯನ್ನೂ ತೋರಿಸುತ್ತದೆ. ಇಷ್ಟೆಲ್ಲ ನಾಜೂಕಿನ ಈ ಸುರುಳಿ ಕೊಡುವ ಒಟ್ಟು ಬೆಳಕು ಸುಮಾರು 1000 ಲ್ಯೂಮೆನ್. ಮನೆಯ ಹಾಲ್‌ನಲ್ಲಿರುವ 9 ವ್ಯಾಟಿನ ಎಲ್‌ಇಡಿ ಬಲ್ಬು ಕೊಡುವುದೂ ಹೆಚ್ಚುಕಡಿಮೆ ಅಷ್ಟೇ, 900ರ ಆಸುಪಾಸು. ಹಾಲ್‌ನಲ್ಲಿ ಅಷ್ಟು ಬೆಳಕಿದ್ದರೂ ಸೋಫಾದ ಕೆಳಗೆ ಬಿದ್ದ ರಿಮೋಟ್ ಸಿಗುವುದಿಲ್ಲ. ಅಷ್ಟೇ ಬೆಳಕು ಕಾರಿನಲ್ಲಿ ಐವತ್ತು ಮೀಟರ್ ಆಚೆಯ ಹಂಪ್ ತೋರಿಸುತ್ತದೆ. ಹಾಗಿದ್ದಮೇಲೆ ದೊಡ್ಡ ಕೆಲಸ ಮಾಡುತ್ತಿರುವುದು ಬಲ್ಬಲ್ಲ, ಅದರ ಹಿಂದಿನ ಕನ್ನಡಿ ಎಂದಾಯಿತು.

ಇನ್ನು ಸೋರಿಕೆಯ ವಿಚಾರ. ವಿಧಾನಸೌಧದಲ್ಲಿ ಮಂಜೂರಾದ ಅನುದಾನ ಹಳ್ಳಿಯ ಚರಂಡಿ ತಲುಪುವ ಹೊತ್ತಿಗೆ ಏನಾಗಿರುತ್ತದೋ ಬ್ಯಾಟರಿಯಿಂದ ಹೊರಟ ವೋಲ್ಟೇಜಿಗೂ ಅದೇ ಆಗುತ್ತದೆ. ಹಳೆಯ ಸಣ್ಣ ಕಾರುಗಳಲ್ಲಿ ಹೆಡ್‌ಲೈಟಿನ ಕರೆಂಟು ಫ್ಯೂಸ್ ದಾಟಿ, ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಹಾದು, ಸ್ಟೀರಿಂಗ್ ಪಕ್ಕದ ಸ್ವಿಚ್ಚಿಗೆ ಹಾಜರಿ ಹಾಕಿ, ಬಂದ ದಾರಿಯಲ್ಲೇ ಬಾನೆಟ್ಟಿನ ಕೆಳಗೆ ವಾಪಸು ಹೋಗಿ ಹೋಲ್ಡರ್ ಸೇರಬೇಕು. ಸಣಕಲು ವೈರು, ಸವೆದ ಸ್ವಿಚ್ಚು, ಹಸಿರು ಕಿಲುಬು ಹತ್ತಿದ ಕಪ್ಲರ್, ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟು, ದಾರಿಯುದ್ದಕ್ಕೂ ಎಲ್ಲರಿಗೂ ಪಾಲು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ ಹದಿಮೂರೂವರೆ ವೋಲ್ಟ್ ತೋರಿಸುವ ಕಾರು, ಬಲ್ಬಿನ ಕಾಲಿಗೆ ಹಿಡಿದರೆ ಹನ್ನೆರಡು ತೋರಿಸುವುದುಂಟು. ಒಂದೂವರೆ ವೋಲ್ಟ್ ತಾನೇ ಎಂದು ಉದಾರಿಗಳಾಗುವಂತಿಲ್ಲ. ತಂತಿ ಕಾದು ಉರಿಯುವ ಬಲ್ಬಿನಲ್ಲಿ ವೋಲ್ಟೇಜು ಶೇ 10 ಇಳಿದರೆ ಬೆಳಕು ಶೇ 30ರಷ್ಟು ಇಳಿಯುತ್ತದೆ. ಇದಕ್ಕೆ ಮದ್ದು ರಿಲೇ ಕಿಟ್. ಬ್ಯಾಟರಿಯಿಂದ ಬಲ್ಬಿಗೆ ನೇರ ದಪ್ಪ ವೈರು, ನಡುವೆ ಫ್ಯೂಸು, ಸ್ವಿಚ್ಚಿಗೆ ಇನ್ನು ರಿಲೇಯನ್ನು ಎಬ್ಬಿಸುವುದಷ್ಟೇ ಕೆಲಸ. ಅದನ್ನು ಬಿಟ್ಟು ಜನ ಹಳೇ ವೈರಿಗೇ 100/90 ವ್ಯಾಟಿನ ಬಲ್ಬು ಸಿಕ್ಕಿಸುತ್ತಾರೆ. ಕರೆಂಟು ಜಾಸ್ತಿಯಾದಷ್ಟೂ ದಾರಿಯಲ್ಲಿ ಕಳೆಯುವ ವೋಲ್ಟೇಜೂ ಜಾಸ್ತಿ. ಕಳೆದದ್ದು ಸುಮ್ಮನೆ ಮಾಯವಾಗುವುದಿಲ್ಲ, ಶಾಖವಾಗಿ ವೈರಿನಲ್ಲೇ ಉಳಿಯುತ್ತದೆ. ಸ್ವಲ್ಪ ದಿನಕ್ಕೆ ಹೋಲ್ಡರ್ ಕರಗಿ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಎಸಿ ಮೂಲಕ ಒಳಗೆ ಬಂದಾಗ ಮಾಲೀಕರು ಹೊರಗಿನ ಕಸದ ರಾಶಿಯನ್ನು ಬೈಯುತ್ತಾರೆ.

ಎರಡನೆಯ ಸೋರಿಕೆ ಕಣ್ಣೆದುರೇ ಇರುತ್ತದೆ, ಆದರೂ ಯಾರೂ ನೋಡುವುದಿಲ್ಲ. ಹಿಂದೆ ಹೆಡ್‌ಲೈಟಿನ ಮುಖ ಗಾಜಿನದಾಗಿತ್ತು, ಈಗ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ಹಗುರ, ಕಲ್ಲು ಬಡಿದರೆ ಒಡೆಯುವುದಿಲ್ಲ, ಆದರೆ ಬಿಸಿಲು ಆಗಿಬರುವುದಿಲ್ಲ. ಮೇಲಿನ ಲೇಪ ಸವೆದ ಮೇಲೆ ಹಳದಿಗಟ್ಟಿ ಮಬ್ಬಾಗುತ್ತದೆ. ಮಬ್ಬು ಬೆಳಕನ್ನು ತಡೆಯುವುದಲ್ಲದೆ ಕನ್ನಡಿ ಕಷ್ಟಪಟ್ಟು ಜೋಡಿಸಿದ ಕಿರಣಗಳನ್ನು ದಿಕ್ಕಾಪಾಲು ಮಾಡುತ್ತದೆ. ಟೂತ್‌ಪೇಸ್ಟ್ ಹಚ್ಚಿ ತಿಕ್ಕುವ ಮನೆಮದ್ದು ಸುಳ್ಳಲ್ಲ, ಆದರೆ ಹೊಸ ಲೇಪವಿಲ್ಲದ ಹೊಳಪು ಬಹಳ ದಿನ ನಿಲ್ಲುವುದಿಲ್ಲ. ವಾಟರ್ ಪೇಪರಿನಲ್ಲಿ ಒರಟಿನಿಂದ ನುಣುಪಿಗೆ ಹಂತಹಂತವಾಗಿ ಉಜ್ಜಿ, ಪಾಲಿಶ್ ಮಾಡಿ, ಬಿಸಿಲು ತಡೆಯುವ ಲೇಪ ಹಾಕಿಸಬೇಕು. ಹಾಗೆಯೇ ವಿಂಡ್‌ಶೀಲ್ಡಿನ ಒಳಮೈಯ ಜಿಡ್ಡನ್ನೂ ಒರೆಸಬಹುದು, ಹೊರಮೈಯನ್ನಷ್ಟೇ ತೊಳೆಯುವುದು ನಮ್ಮ ರಾಷ್ಟ್ರೀಯ ಪದ್ಧತಿ. ಇನ್ನೊಂದು ಸಂಕೋಚದ ವಿಷಯ. ವಯಸ್ಸಾದಂತೆ ನಮ್ಮ ಕಣ್ಣಿನ ಮಸೂರವೂ ಹಳದಿಗಟ್ಟುತ್ತದೆ, ಕತ್ತಲಲ್ಲಿ ಪಾಪೆ ಮೊದಲಿನಷ್ಟು ಅಗಲವಾಗುವುದಿಲ್ಲ. ಕಾರಿಗೂ ಮಾಲೀಕರಿಗೂ ಒಟ್ಟಿಗೇ ಪೊರೆ ಬಂದಿದ್ದರೆ ಜೆ.ಸಿ. ರಸ್ತೆಯಲ್ಲಿ ಅರ್ಧ ಕಾಯಿಲೆಗೆ ಮಾತ್ರ ಮದ್ದು ಸಿಗುತ್ತದೆ.

ಮೂರನೆಯದು ದಿಕ್ಕು. ಇದನ್ನು ಸರಿಪಡಿಸಲು ಕಾಸು ಬೇಡ, ಆದ್ದರಿಂದಲೇ ಇದರ ಬಗ್ಗೆ ಯಾವ ಅಂಗಡಿಯವರೂ ಬಾಯಿಬಿಡುವುದಿಲ್ಲ. ಲೆಕ್ಕ ನೋಡಿ. ಹೆಡ್‌ಲೈಟು ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದೆ ಎಂದುಕೊಳ್ಳೋಣ. ಲೋ ಬೀಮಿನ ಮೇಲಂಚು ಪ್ರತಿ ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್ ಇಳಿಯುತ್ತಾ ಹೋದರೆ ಅದು ರಸ್ತೆ ಮುಟ್ಟುವುದು 65 ಮೀಟರ್ ದೂರದಲ್ಲಿ. ಹತ್ತರ ಬದಲು ಇಪ್ಪತ್ತು ಸೆಂಟಿಮೀಟರ್ ಇಳಿದರೆ ಮೂವತ್ತೆರಡೂವರೆ ಮೀಟರಿಗೇ ಬೆಳಕು ಮುಗಿಯಿತು. ಹೆಡ್‌ಲೈಟಿನ ಹಿಂದಿನ ಒಂದು ಸ್ಕ್ರೂ ಸಡಿಲಾದರೆ ಕಾಣುವ ದೂರ ಅರ್ಧಕ್ಕರ್ಧ ಹೋಗುತ್ತದೆ ಎಂದರ್ಥ. ಅದನ್ನು ತುಂಬಿಕೊಡುವ ಬಲ್ಬು ಜಗತ್ತಿನಲ್ಲಿಲ್ಲ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ ಹತ್ತು ಮೀಟರ್ ದೂರ ಕಾರು ನಿಲ್ಲಿಸಿ, ಲೈಟಿನ ಎತ್ತರಕ್ಕೆ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು, ಬೆಳಕಿನ ಅಂಚು ಅದಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿದರೆ ಕೆಲಸ ಮುಗಿಯಿತು. ಇದರ ಜೊತೆಗೆ ಎಷ್ಟೋ ಕಾರುಗಳಲ್ಲಿ ಸ್ಟೀರಿಂಗಿನ ಪಕ್ಕ 0, 1, 2, 3 ಎಂದು ಬರೆದ ಪುಟ್ಟ ಚಕ್ರವೊಂದಿದೆ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಅಕ್ಕಿಮೂಟೆ, ಮೇಲೊಂದಿಷ್ಟು ತೆಂಗಿನಕಾಯಿ ಹೇರಿಕೊಂಡು ಊರಿಂದ ಬರುವಾಗ ಕಾರಿನ ಹಿಂಭಾಗ ಕುಸಿದು ಮೂತಿ ಮೇಲಾಗುತ್ತದೆ, ಆಗ ಬೆಳಕನ್ನು ತಗ್ಗಿಸಲೆಂದು ಅದನ್ನಿಟ್ಟಿದ್ದಾರೆ. ಇದು ಗೊತ್ತಿಲ್ಲದೆ, ಮಕ್ಕಳೋ ಸರ್ವಿಸಿನ ಹುಡುಗರೋ 3ಕ್ಕೆ ತಿರುಗಿಸಿಟ್ಟದ್ದನ್ನು ಹಾಗೇ ಬಿಟ್ಟು, ಬಂಪರ್ ಮುಂದಿನ ನಾಲ್ಕು ಮಾರು ರಸ್ತೆಗೆ ದೀಪಾರತಿ ಎತ್ತಿಕೊಂಡು ಓಡಾಡುವ ಕಾರುಗಳಿಗೆ ಬರವಿಲ್ಲ. ಅವುಗಳ ಮಾಲೀಕರು ಅಂಗಡಿಗೆ ಹೋಗಿ ಕೇಳುವುದು ಹೊಸ ಬಲ್ಬನ್ನೇ.

‘ಎಲ್‌ಇಡಿ ಹಾಕಿಸಿದ ಮೇಲೆ ಹಗಲಿನ ಹಾಗೆ ಕಾಣುತ್ತದಲ್ಲ, ಅದೂ ಸುಳ್ಳೇ?’ ಎಂದು ಕೇಳುವವರಿದ್ದಾರೆ. ಸುಳ್ಳಲ್ಲ, ಆದರೆ ಹಗಲಾಗುವುದು ಎಲ್ಲಿ ಎಂದು ನೋಡಬೇಕು. ಕಾರಿನ ಮೂತಿಯ ಮುಂದಿನ ನೆಲ ಬೆಳ್ಳಗಾದಷ್ಟೂ ನಮಗೆ ಸಮಾಧಾನ, ಆದರೆ ಆ ಬಿಳುಪಿಗೆ ಪಾಪೆ ಕಿರಿದಾಗಿ ದೂರದ ಮಬ್ಬುಬೆಳಕಿನ ಜಾಗ ಮೊದಲಿಗಿಂತ ಕತ್ತಲಾಗುತ್ತದೆ. ಅಪಾಯ ಇರುವುದು ಅಲ್ಲಿ, ಮೂತಿಯ ಮುಂದಲ್ಲ. ಹ್ಯಾಲೊಜೆನ್ನಿನ ರಿಫ್ಲೆಕ್ಟರನ್ನು ಲೆಕ್ಕಹಾಕಿ ಮಾಡಿರುವುದು ಕೆಲವೇ ಮಿಲಿಮೀಟರ್ ಉದ್ದದ, ಸುತ್ತಲೂ ಬೆಳಗುವ ಸುರುಳಿಗೆ. ಅದೇ ಜಾಗದಲ್ಲಿ ಚಪ್ಪಟೆ ಪಟ್ಟಿಯ ಎರಡು ಬದಿಗೆ ಚಿಪ್ ಅಂಟಿಸಿದ ಎಲ್‌ಇಡಿ ತೂರಿಸಿದರೆ ಕನ್ನಡಿಯ ಲೆಕ್ಕ ತಪ್ಪಿ, ರಸ್ತೆಬದಿಯ ಹುಣಸೆಮರದ ತುದಿಯಲ್ಲಿ ಮಲಗಿದ ಕಾಗೆಗೆ ಎಚ್ಚರವಾಗುತ್ತದೆ. ಬೆಳಕನ್ನು ನಿಜಕ್ಕೂ ಎರಡರಷ್ಟು ಮಾಡಿದರೂ ಕಾಣುವ ದೂರ ಎರಡರಷ್ಟಾಗುವುದಿಲ್ಲ. ದೂರದ ವರ್ಗಕ್ಕೆ ತಕ್ಕಂತೆ ಬೆಳಕು ತೆಳುವಾಗುವುದರಿಂದ ಹೆಚ್ಚೆಂದರೆ 1.4 ಪಟ್ಟು. ಚಾರ್ಮಾಡಿಯ ಮಳೆಗಾಲದ ಮಂಜಿನಲ್ಲಂತೂ ಹೆಚ್ಚಿಸಿದ ಬೆಳಕೆಲ್ಲ ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸು ಬರುತ್ತದೆ. ನೀಲಿ ಬಲ್ಬಿನದು ಇನ್ನೂ ತಮಾಷೆ. ಗಾಜಿನ ಮೇಲಿನ ನೀಲಿ ಲೇಪ ಬೆಳಕಿನ ಒಂದು ಪಾಲನ್ನು ತಾನೇ ನುಂಗಿ ಉಳಿದದ್ದನ್ನು ಹೊರಗೆ ಬಿಡುತ್ತದೆ, ನಾವು ಆ ನುಂಗುವಿಕೆಗೆ ಜಾಸ್ತಿ ದುಡ್ಡು ಕೊಡುತ್ತೇವೆ. ಕಂಪನಿಯಿಂದಲೇ ಎಲ್‌ಇಡಿ ಬರುವ ಕಾರುಗಳ ಮಾತು ಬೇರೆ, ಅಲ್ಲಿ ಕನ್ನಡಿಯನ್ನೂ ಮಸೂರವನ್ನೂ ಆ ಚಿಪ್ಪಿಗೆಂದೇ ಮಾಡಿರುತ್ತಾರೆ.

ಇಷ್ಟಾದ ಮೇಲೂ ಒಂದು ಆಕ್ಷೇಪಣೆ ಉಳಿಯುತ್ತದೆ, ಅದು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ‘ಎದುರಿಗೆ ಬರುವವರೆಲ್ಲ ಕಣ್ಣು ಕುಕ್ಕುವ ಲೈಟು ಹಾಕಿಕೊಂಡಿರುವಾಗ ನಾನೊಬ್ಬ ಸಾಧುವಾಗಿದ್ದು ಏನು ಸುಖ?’ ಸಿಟ್ಟು ನ್ಯಾಯವಾದದ್ದೇ. ಆದರೆ ಎದುರಿನವರ ಕಣ್ಣು ಕುರುಡಾದರೆ ನಮ್ಮ ದೃಷ್ಟಿ ಚುರುಕಾಗುವುದಿಲ್ಲ. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೇ ಬರುತ್ತಿರುವ ಮನುಷ್ಯನಿಗೆ ಕಣ್ಣು ಕಾಣದಂತೆ ಮಾಡುವುದು ಸೇಡು ತೀರಿಸಿಕೊಳ್ಳುವ ಬುದ್ಧಿವಂತ ದಾರಿಯೂ ಅಲ್ಲ. ಕಾನೂನು ಈ ವಿಷಯದಲ್ಲಿ ಅಚ್ಚರಿಯಾಗುವಷ್ಟು ಸ್ಪಷ್ಟವಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು, ಎಂಟು ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಕುಕ್ಕದಂತೆ ಬೆಳಕು ಕೆಳಕ್ಕೆ ಬಾಗಿರಬೇಕು ಎನ್ನುತ್ತದೆ. ಹಿಂದೆ ಲಾರಿ, ಬಸ್ಸುಗಳ ಹೆಡ್‌ಲೈಟಿನ ಮೇಲೆ ಕಪ್ಪು ಬಣ್ಣ ಬಳಿಯುತ್ತಿದ್ದದ್ದೂ ಇದೇ ಕಾಳಜಿಗೆ. 2024ರಲ್ಲಿ ಕರ್ನಾಟಕದ ಪೊಲೀಸರು ಇಂಥ ಎಲ್‌ಇಡಿ ದೀಪಗಳ ಮೇಲೆ ರಾಜ್ಯವಿಡೀ ಕೇಸು ಹಾಕಲು ಹೊರಟಿದ್ದರು. ಅಷ್ಟರಿಂದ ರೋಗ ವಾಸಿಯಾಗಿದೆ ಎಂದು ಹೇಳಲು ನಾನು ಸಿದ್ಧನಿಲ್ಲ. ಲಾರಿಗಳ ಬೆನ್ನ ಮೇಲೆ ‘ಯೂಸ್ ಡಿಪ್ಪರ್ ಅಟ್ ನೈಟ್’ ಎಂದು ಬರೆಸುವ ಚಾಳಿ ಇಷ್ಟು ವರ್ಷವಾದರೂ ನಿಂತಿಲ್ಲ ಎಂಬುದನ್ನೂ ಗಮನಿಸಬೇಕು. ಸದ್ಯಕ್ಕೆ ಮಾಡಬಹುದಾದದ್ದು, ಎದುರಿನ ಬೆಳಕನ್ನು ದಿಟ್ಟಿಸದೆ ರಸ್ತೆಯ ಎಡಅಂಚಿನ ಬಿಳಿಗೆರೆಯನ್ನು ನೋಡುತ್ತಾ ವೇಗ ಇಳಿಸುವುದು.

ವೇಗದ ಮಾತು ಬಂದದ್ದಕ್ಕೆ ಇನ್ನೊಂದು ಲೆಕ್ಕ. ಮಂಡ್ಯದ ಕಡೆ ಕಬ್ಬಿನ ಕಾಲದಲ್ಲಿ ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರು ರಾತ್ರಿ ರಸ್ತೆಯಲ್ಲಿರುತ್ತದೆ, ಬಯಲುಸೀಮೆಯಲ್ಲಿ ಸುಗ್ಗಿ ಬಂದರೆ ರಸ್ತೆಯೇ ಕಣವಾಗುತ್ತದೆ. ಇಂಥ ದೇಶಕ್ಕೆ 55 ವ್ಯಾಟ್ ಎಲ್ಲಿ ಸಾಕು ಎಂದು ಕೇಳಿದರೆ ಕೇಳಿದವರ ಕಡೆ ನ್ಯಾಯವಿದೆ. ಆದರೆ ಎಂಬತ್ತರ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಂಡದ್ದು ತಲೆಗೆ ಹೋಗಿ ಕಾಲು ಬ್ರೇಕಿಗೆ ಬರುವ ಒಂದೂವರೆ ಸೆಕೆಂಡಿನಲ್ಲಿ 33 ಮೀಟರ್, ಬ್ರೇಕು ಹಿಡಿದು ನಿಲ್ಲಲು ಒಣ ರಸ್ತೆಯಲ್ಲೂ ಇನ್ನೊಂದು 35. ಕಪ್ಪು ಬಟ್ಟೆಯ ಮನುಷ್ಯ ಲೋ ಬೀಮಿನಲ್ಲಿ ಕಾಣುವುದು ಐವತ್ತು ಮೀಟರಿನ ಹತ್ತಿರ. ಈ ಕೊರತೆಯನ್ನು ಬಲ್ಬು ತುಂಬುವುದಿಲ್ಲ, ಬಲಗಾಲು ತುಂಬಬೇಕು. ಎದುರಿಗೆ ಯಾರೂ ಇಲ್ಲದಾಗ ಹೈ ಬೀಮ್ ಹಾಕಲು ಯಾರ ಅಡ್ಡಿಯೂ ಇಲ್ಲ, ಅದು ಇರುವುದೇ ಅದಕ್ಕೆ. ನಮ್ಮಲ್ಲಿ ಅದನ್ನು ಜಯನಗರದ ಬೀದಿದೀಪದ ಕೆಳಗೆ ಉರಿಸುತ್ತಾರೆ.

ಹಾಗಂತ ಬಲ್ಬು ಸಾಯುವುದೇ ಇಲ್ಲ ಎಂದಲ್ಲ. ಸುರುಳಿ ಕಡಿದಿದ್ದರೆ, ಗಾಜಿನ ಒಳಮೈ ಬೂದುಬಣ್ಣಕ್ಕೆ ತಿರುಗಿದ್ದರೆ, ನನ್ನ ವಕಾಲತ್ತು ಅಲ್ಲಿಗೆ ಮುಗಿಯಿತು, ಬದಲಿಸಲೇಬೇಕು. ಲೈಟು ಆರಿಸಿ ಬಲ್ಬು ತಣಿಯುವವರೆಗೆ ಕಾಯಬೇಕು. ಹಿಂದಿನ ಮೂರು ಕಾಲಿನ ಕಪ್ಲರನ್ನು ಎಳೆದು, ರಬ್ಬರಿನ ಟೋಪಿ ಬಿಚ್ಚಿ, ತಂತಿಯ ಕ್ಲಿಪ್ಪನ್ನು ಒತ್ತಿ ಪಕ್ಕಕ್ಕೆ ಸರಿಸಿದರೆ ಹಳೆಯದು ಕೈಗೆ ಬರುತ್ತದೆ. ಬ್ಯಾಟರಿ ಇರುವ ಬದಿಯಲ್ಲಿ ಕೈಯೇ ತೂರುವುದಿಲ್ಲ, ಕಾರು ವಿನ್ಯಾಸ ಮಾಡಿದವರ ಮನೆತನವನ್ನು ನೆನೆಯಲು ಅದು ಸಕಾಲ. ಹೊಸದರ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ವಿಪರೀತ ಕಾದು ಬಲ್ಬು ಬೇಗ ಹೋಗುತ್ತದೆ, ತಿಂಡಿಗೆ ಬೆಣ್ಣೆದೋಸೆ ತಿಂದು ಬಂದವರು ಇನ್ನೂ ಎಚ್ಚರ ವಹಿಸಬೇಕು. ಬಲ್ಬಿನ ಮೂರು ಕಿವಿಗಳು ತಮ್ಮ ಕಚ್ಚುಗಳಲ್ಲಿ ಸರಿಯಾಗಿ ಕೂತಿದ್ದರಷ್ಟೇ ಒಳಗಿನ ತಗಡು ಕೆಳಗೆ ಬರುತ್ತದೆ, ಒತ್ತಾಯದಿಂದ ಓರೆಯಾಗಿ ತುರುಕಿದರೆ ಎಚ್4 ಬಲ್ಬೂ ಹುಣಸೆಮರವನ್ನೇ ಬೆಳಗುತ್ತದೆ. ಒಂದು ಸತ್ತಿದ್ದರೂ ಎರಡನ್ನೂ ಬದಲಿಸುವುದು ಒಳ್ಳೆಯದು, ಏಕೆಂದರೆ ಎರಡಕ್ಕೂ ಒಂದೇ ಪ್ರಾಯ. ಹಾಗೆ ಬದಲಿಸಿದಾಗ ಇನ್ನೂ ಜೀವ ಇರುವುದನ್ನು ಬಟ್ಟೆಯಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಶಿರಾಡಿ ಘಾಟಿಯ ನಡುವೆ ರಾತ್ರಿ ಹನ್ನೊಂದಕ್ಕೆ ತೆರೆದಿರುವ ಬಿಡಿಭಾಗದ ಅಂಗಡಿ ಅದೊಂದೇ.